ಸೌಟು ಬಗ್ಗುವ ಮೊದಲೇ ‘ಸಾಕು’: ಪರಿಪೂರ್ಣತೆಯ ಗೀಳು ಮತ್ತು ಮುಗಿಯದ ಯೋಚನೆಯಿಂದ ಹೊರಬರುವ ದಾರಿ

ತಮ್ಮನ ಮದುವೆಯ ಆಮಂತ್ರಣ ಪತ್ರಿಕೆ ಮಾಡಿಸುವ ಹೊಣೆ ನನ್ನದಾಗಿತ್ತು. ಪ್ರೆಸ್ಸಿನವರು ಕರಡನ್ನು ವಾಟ್ಸಾಪಿನಲ್ಲಿ ಕಳಿಸಿದರು. ಮೊದಲ ಸಲ ಓದಿದಾಗ ಒಂದು ದೀರ್ಘ ಬಿಟ್ಟುಹೋಗಿತ್ತು, ತಿದ್ದಿಸಿದೆ. ಎರಡನೇ ಸಲ ‘ಸುಖಾಗಮನ ಬಯಸುವವರು’ ಪಟ್ಟಿಯಲ್ಲಿ ದೊಡ್ಡಪ್ಪನ ಹೆಸರು ಮೊದಲೋ ಸೋದರಮಾವನದು ಮೊದಲೋ ಎಂಬ ಯೋಚನೆ ಹತ್ತಿತು. ಆಮೇಲೆ ಅಕ್ಷರದ ಗಾತ್ರ, ಗಣಪತಿಯ ಚಿತ್ರ, ಅಂಚಿನ ಕೆಂಪು ಬಣ್ಣ. ರಾತ್ರಿ ದೀಪ ಆರಿಸಿದ ಮೇಲೂ ಮೊಬೈಲಿನ ಬೆಳಕಿನಲ್ಲಿ ಅದೇ ಕರಡು. ಹನ್ನೆರಡು ದಿನ ಹೀಗೇ ಹೋಯಿತು. ಪತ್ರಿಕೆ ಕೈಗೆ ಬಂದಾಗ ಮದುವೆಗೆ ಉಳಿದದ್ದು ಎಂಟೇ ದಿನ. ಮನೆಗೆ ಹೋಗಿ, ಅರಿಸಿನ ಕುಂಕುಮ ಕೊಟ್ಟು, ಕಾಲಿಗೆ ನಮಸ್ಕರಿಸಿ ಕರೆಯಬೇಕಾದ ಹಿರಿಯರಲ್ಲಿ ಅರ್ಧ ಜನರಿಗೆ ಫೋನಿನಲ್ಲೇ ಹೇಳಬೇಕಾಯಿತು. ಯಾರೊಬ್ಬರೂ ಹೆಸರಿನ ಸರದಿಯ ಬಗ್ಗೆ ಮಾತೆತ್ತಲಿಲ್ಲ. “ಮನೆಗೆ ಬಂದು ಕರೀಲಿಲ್ವಲ್ಲ ಮಗಳೇ” ಎಂದು ಚಿಕ್ಕಜ್ಜಿ ನೊಂದುಕೊಂಡರು.

ಅದೇ ಮದುವೆಯ ಊಟದ ಪಂಕ್ತಿಯಲ್ಲಿ ಒಂದು ಸಂಗತಿ ಕಣ್ಣಿಗೆ ಬಿತ್ತು. ಊಟ ಬಲ್ಲವರು ಬಡಿಸುವವನ ಸೌಟು ಬಗ್ಗುವ ಮೊದಲೇ ಎಲೆಗೆ ಅಡ್ಡ ಕೈ ಹಿಡಿದು ‘ಸಾಕು’ ಎನ್ನುತ್ತಾರೆ. ಅನ್ನ ಎಲೆಗೆ ಬಿದ್ದ ಮೇಲೆ ಆ ಮಾತಿಗೆ ಬೆಲೆಯಿಲ್ಲ, ಆಗ ತಿನ್ನಲೇಬೇಕು ಇಲ್ಲವೇ ಚೆಲ್ಲಬೇಕು. ನಾನು ಪತ್ರಿಕೆಯ ಕೆಲಸದಲ್ಲಿ ತಪ್ಪಿದ್ದು ಇಲ್ಲೇ. ಎಲ್ಲಿಗೆ ಸಾಕು ಎಂಬುದನ್ನು ಕೆಲಸ ಶುರುಮಾಡುವ ಮೊದಲು ಗೊತ್ತುಮಾಡಿಕೊಂಡಿರಲಿಲ್ಲ. ಕೆಲಸದ ನಡುವೆ, ಗಾಬರಿಯ ಹೊತ್ತಿನಲ್ಲಿ ಕೇಳಿದರೆ ಮನಸ್ಸು ಯಾವತ್ತೂ ‘ಇನ್ನೊಂದು ಸಲ ನೋಡು’ ಎಂದೇ ಹೇಳುತ್ತದೆ.

ಆಮೇಲಿನ ವರ್ಷಗಳಲ್ಲಿ ಓದಿ, ನನ್ನ ಮೇಲೇ ಪ್ರಯೋಗ ಮಾಡಿ, ಕೆಲವನ್ನು ಬಿಟ್ಟು ಕೆಲವನ್ನು ಉಳಿಸಿಕೊಂಡ ಹೆಜ್ಜೆಗಳನ್ನು ಇಲ್ಲಿ ಬರೆದಿದ್ದೇನೆ. ಎಲ್ಲವನ್ನೂ ಒಟ್ಟಿಗೆ ಹಿಡಿಯಬೇಡಿ. ವಾರಕ್ಕೊಂದು ಎಂದುಕೊಂಡರೆ ಎರಡು ತಿಂಗಳಾಗುತ್ತದೆ, ಆಗಲಿ.

ಮೊದಲ ಹೆಜ್ಜೆ: ಅಚ್ಚುಕಟ್ಟೋ ಗೀಳೋ ಎಂದು ತಿಳಿಯಿರಿ

ಅಚ್ಚುಕಟ್ಟು ಒಳ್ಳೆಯ ಗುಣ. ಅದನ್ನು ಬಿಡಿ ಎಂದು ಹೇಳಲು ನಾನು ಬರೆಯುತ್ತಿಲ್ಲ. ಅಚ್ಚುಕಟ್ಟು ಮತ್ತು ಗೀಳಿನ ನಡುವಿನ ವ್ಯತ್ಯಾಸ ತಿಳಿಯಬೇಕಾದರೆ ಕೆಲಸ ಮುಗಿದ ಗಳಿಗೆಯನ್ನು ಗಮನಿಸಿ. ಅಚ್ಚುಕಟ್ಟಾಗಿ ಮಾಡುವವರಿಗೆ ಕೆಲಸ ಮುಗಿದಾಗ ಸಂತೋಷವಾಗುತ್ತದೆ, ಮರೆತು ಮುಂದಿನದಕ್ಕೆ ಹೋಗುತ್ತಾರೆ. ಗೀಳು ಹಿಡಿದವರಿಗೆ ‘ಸದ್ಯ ಪಾರಾದೆ’ ಎನಿಸುತ್ತದೆ ಅಷ್ಟೆ, ಒಂದು ಗಂಟೆಯೊಳಗೆ ಆ ಕೆಲಸದಲ್ಲಿ ಬಿಟ್ಟುಹೋದದ್ದೇನು ಎಂಬ ಹುಡುಕಾಟ ಶುರುವಾಗುತ್ತದೆ.

ಕೆನಡಾದ ಮನಶ್ಶಾಸ್ತ್ರಜ್ಞರಾದ ಪಾಲ್ ಹ್ಯೂಯಿಟ್ ಮತ್ತು ಗಾರ್ಡನ್ ಫ್ಲೆಟ್ 1991ರಲ್ಲಿ ಈ ಗೀಳನ್ನು ಮೂರು ಬಗೆಯಾಗಿ ವಿಂಗಡಿಸಿದರು. ನನ್ನಿಂದ ತಪ್ಪೇ ಆಗಬಾರದು ಎಂಬುದು ಒಂದು. ಮನೆಯವರು, ಸಹೋದ್ಯೋಗಿಗಳು ತಪ್ಪು ಮಾಡಬಾರದು ಎಂಬುದು ಎರಡನೆಯದು. ಜನ ನನ್ನಿಂದ ಕುಂದಿಲ್ಲದ್ದನ್ನೇ ನಿರೀಕ್ಷಿಸುತ್ತಾರೆ, ತಪ್ಪಿದರೆ ಅವರ ಕಣ್ಣಿನಲ್ಲಿ ಬಿದ್ದುಹೋಗುತ್ತೇನೆ ಎಂಬುದು ಮೂರನೆಯದು. ನಮ್ಮ ಮಾತಿನಲ್ಲಿ ಹೇಳುವುದಾದರೆ, ‘ನಾಲ್ಕು ಜನ ಏನಂದಾರು?’ ಥಾಮಸ್ ಕರನ್ ಮತ್ತು ಆಂಡ್ರ್ಯೂ ಹಿಲ್ ಎಂಬ ಸಂಶೋಧಕರು 1989ರಿಂದ 2016ರವರೆಗೆ ಅಮೆರಿಕ, ಕೆನಡಾ ಮತ್ತು ಬ್ರಿಟನ್ನಿನ 41 ಸಾವಿರಕ್ಕೂ ಹೆಚ್ಚು ಕಾಲೇಜು ವಿದ್ಯಾರ್ಥಿಗಳು ಕೊಟ್ಟ ಉತ್ತರಗಳನ್ನು ಒಟ್ಟುಹಾಕಿ ನೋಡಿದರು. ಮೂರೂ ಬಗೆ ಏರಿದ್ದವು, ಎಲ್ಲಕ್ಕಿಂತ ಹೆಚ್ಚು ಏರಿದ್ದು ಈ ‘ನಾಲ್ಕು ಜನ’ದ ಬಗೆ. ಅದು ಹೊರದೇಶದ ಮಕ್ಕಳ ಲೆಕ್ಕ. ಆದರೆ ಎಸ್ಸೆಸ್ಸೆಲ್ಸಿಯಲ್ಲಿ 625ಕ್ಕೆ 624 ತೆಗೆದ ಮಗುವಿನ ಮನೆಯಲ್ಲಿ ಆ ಒಂದು ಅಂಕ ಎಲ್ಲಿ ಹೋಯಿತು ಎಂಬ ಚರ್ಚೆಯನ್ನು ಕೇಳಿದವರಿಗೆ ಅದು ಹೊರದೇಶದ್ದೆಂದು ಅನಿಸುವುದಿಲ್ಲ.

ನಿಮ್ಮದು ಯಾವ ಬಗೆ ಎಂದು ಒಂದು ಸಾಲಿನಲ್ಲಿ ಬರೆದಿಟ್ಟುಕೊಳ್ಳಿ. ನನ್ನದು ಮೂರನೆಯದು. ಅದು ಗೊತ್ತಾದದ್ದರಿಂದಲೇ ಮುಂದಿನ ಹೆಜ್ಜೆಗಳಲ್ಲಿ ಯಾವುದರ ಮೇಲೆ ಹೆಚ್ಚು ಒತ್ತು ಕೊಡಬೇಕೆಂದು ತಿಳಿಯಿತು.

ಎರಡನೇ ಹೆಜ್ಜೆ: ಒಂದು ವಾರ ಲೆಕ್ಕ ಇಡಿ

ಹಾಲಿನ ಲೆಕ್ಕ ಬರೆಯುವಂಥ ಸಣ್ಣ ಪುಸ್ತಕ ಸಾಕು. ಯಾವ ಕೆಲಸಕ್ಕೆ ಅಂಟಿಕೊಂಡಿರಿ, ಎಷ್ಟು ಹೊತ್ತು, ಆ ಹೊತ್ತಿನಿಂದ ಕೆಲಸ ಎಷ್ಟು ಸುಧಾರಿಸಿತು ಎಂದು ಬರೆಯಿರಿ. ತೀರ್ಪು ಬೇಡ, ಬರೀ ಲೆಕ್ಕ. ನನ್ನ ಮೊದಲ ವಾರದ ಪುಟದಲ್ಲಿ ‘ಶಾಲೆಯ ಗುಂಪಿಗೆ ಎರಡು ಸಾಲಿನ ಸಂದೇಶ, 25 ನಿಮಿಷ, ಒಂದು ಪದ ಬದಲು’ ಎಂದಿದೆ. ಈ ಪುಸ್ತಕವನ್ನೂ ಚೆಂದವಾಗಿ ಇಡಬೇಕೆಂಬ ಆಸೆ ಬಂದರೆ ಪೆನ್ಸಿಲಿನಲ್ಲಿ ಗೀಚಿ.

ಮೂರನೇ ಹೆಜ್ಜೆ: ಸಾಕಿನ ಗೆರೆಯನ್ನು ಮೊದಲೇ ಎಳೆಯಿರಿ

ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದದ್ದು ಇದು, ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ.

ಹರ್ಬರ್ಟ್ ಸೈಮನ್ ಎಂಬ ಅಮೆರಿಕದ ವಿದ್ವಾಂಸರು 1978ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದರು. ಮನುಷ್ಯ ನಿರ್ಧಾರ ಮಾಡುವಾಗ ಇರುವ ಎಲ್ಲ ದಾರಿಗಳನ್ನೂ ತೂಗಿ ಅತ್ಯುತ್ತಮವಾದದ್ದನ್ನು ಆರಿಸುವುದಿಲ್ಲ, ಆರಿಸಲಾಗುವುದೂ ಇಲ್ಲ ಎಂದು 1950ರ ದಶಕದಲ್ಲೇ ಅವರು ವಾದಿಸಿದ್ದರು. ನಮಗಿರುವ ಸಮಯ ಕಡಿಮೆ, ತಿಳಿವಳಿಕೆಗೂ ಮಿತಿಯಿದೆ. ಹಾಗಾಗಿ ಮೊದಲು ಒಂದು ಮಟ್ಟವನ್ನು ಇಟ್ಟುಕೊಂಡು, ಆ ಮಟ್ಟ ಮುಟ್ಟಿದ ಮೊದಲ ದಾರಿಯನ್ನು ಹಿಡಿಯುತ್ತೇವೆ. ಇದು ಸೋಮಾರಿತನವಲ್ಲ, ಮಿತಿಯಿರುವ ಜೀವ ಬಾಳಬೇಕಾದ ಬಗೆ.

ಹೇಗೆ ಮಾಡುವುದು? ಕೆಲಸಕ್ಕೆ ಕೈಹಾಕುವ ಮೊದಲು ಎರಡು ಪ್ರಶ್ನೆ ಕೇಳಿಕೊಳ್ಳಿ.

ಮೊದಲನೆಯದು, ಇಲ್ಲಿ ತಪ್ಪಾದರೆ ಏನಾಗುತ್ತದೆ? ಮಗುವಿಗೆ ಕೊಡುವ ಔಷಧಿಯ ಪ್ರಮಾಣ, ಹಣ ಕಳಿಸುವಾಗ ಖಾತೆಯ ಸಂಖ್ಯೆ, ಕ್ರಯಪತ್ರದಲ್ಲಿ ಸರ್ವೆ ನಂಬರು, ಗ್ಯಾಸಿನ ರೆಗ್ಯುಲೇಟರು, ಇವೆಲ್ಲ ತಪ್ಪಬಾರದವು. ಇಲ್ಲಿ ಎರಡು ಸಲ ನೋಡುವುದು ಜಾಣತನ. ಇನ್ನೊಂದು ಗುಂಪು ತಪ್ಪಿದರೂ ತಿದ್ದಿಕೊಳ್ಳಬಹುದಾದವು: ಆಫೀಸಿನ ಮಾಮೂಲಿ ಇಮೇಲ್, ನೆಂಟರಿಗೆ ಮಾಡುವ ಪಲ್ಯ, ಮಗುವಿನ ಪ್ರಾಜೆಕ್ಟಿನ ಹೊದಿಕೆ, ಕರ್ಟನ್ನಿನ ಬಣ್ಣ. ಗೀಳಿನ ಮುಖ್ಯ ಲಕ್ಷಣವೇ ಈ ಎರಡು ಗುಂಪುಗಳನ್ನು ಒಂದೇ ತಕ್ಕಡಿಯಲ್ಲಿ ತೂಗುವುದು. ಪಲ್ಯದ ಉಪ್ಪಿಗೂ ಔಷಧಿಯ ಪ್ರಮಾಣಕ್ಕೂ ಒಂದೇ ಭಯ ಪಡುತ್ತೇವೆ.

ಎರಡನೆಯದು, ಎಷ್ಟಾದರೆ ಸಾಕು? ಇದಕ್ಕೆ ಉತ್ತರ ಎಣಿಸುವಂತಿರಬೇಕು. ‘ಚೆನ್ನಾಗಿ ಬಂದರೆ ಸಾಕು’ ಎಂದರೆ ಗೆರೆಯೇ ಅಲ್ಲ. ‘ಇಮೇಲನ್ನು ಎರಡು ಸಲ ಓದುತ್ತೇನೆ, ಮೂರನೇ ಸಲ ಇಲ್ಲ.’ ‘ಸೀರೆಗೆ ಮೂರು ಅಂಗಡಿ, ಸಂಜೆ ಐದರೊಳಗೆ.’ ‘ಭಾನುವಾರ ಬರುವ ನೆಂಟರಿಗೆ ಒಂದು ಪಲ್ಯ, ಒಂದು ಕೋಸಂಬರಿ, ಸಾರು, ಪಾಯಸ.’ ಇವು ಗೆರೆಗಳು. ಬರೆದಿಟ್ಟರೆ ಇನ್ನೂ ಒಳ್ಳೆಯದು, ಯಾಕೆಂದರೆ ನಡುವೆ ಮನಸ್ಸು ಗೆರೆಯನ್ನು ಸರಿಸಲು ನೋಡುತ್ತದೆ.

ಗೆರೆ ಮುಟ್ಟಿದ ಮೇಲೆ ಏನು ಮಾಡುತ್ತೀರಿ ಎಂಬುದನ್ನೂ ಮೊದಲೇ ಹೇಳಿಕೊಳ್ಳಿ. ಜರ್ಮನಿಯ ಮನಶ್ಶಾಸ್ತ್ರಜ್ಞ ಪೀಟರ್ ಗಾಲ್‌ವಿಟ್ಸರ್ ತೋರಿಸಿಕೊಟ್ಟಂತೆ ‘ಹೀಗಾದಾಗ ಹಾಗೆ ಮಾಡುತ್ತೇನೆ’ ಎಂಬ ಸಂಕಲ್ಪಕ್ಕೆ ಬರೀ ಗುರಿಗಿಂತ ಹೆಚ್ಚು ಬಲವಿದೆ. ‘ಎರಡನೇ ಸಲ ಓದಿ ಮುಗಿದಾಗ ಕಳಿಸುವ ಗುಂಡಿ ಒತ್ತಿ ನೀರು ಕುಡಿಯಲು ಏಳುತ್ತೇನೆ.’ ಆ ಏಳುವುದು ಮುಖ್ಯ. ಕುರ್ಚಿಯಲ್ಲೇ ಕೂತರೆ ಕಳಿಸಿದ ಇಮೇಲನ್ನು ಮತ್ತೆ ತೆರೆದು ಓದುತ್ತೀರಿ, ನಾನು ಓದಿದ್ದೇನೆ.

ಈಗ ಶಾಲೆಯ ಪ್ರಶ್ನೆಪತ್ರಿಕೆ ತಯಾರಿಸುವಾಗ ನನ್ನ ಗೆರೆ ಇದು: ಒಂದು ಸಲ ನಾನು ಓದುವುದು, ಒಂದು ಸಲ ಬೇರೆ ಶಿಕ್ಷಕರು ಓದುವುದು. ನಾನೇ ಹತ್ತು ಸಲ ಓದಿದರೂ ಕಾಣದ ತಪ್ಪು ಬೇರೆಯವರ ಕಣ್ಣಿಗೆ ಒಂದೇ ಸಲಕ್ಕೆ ಬೀಳುತ್ತದೆ. ನಾವು ಬರೆದದ್ದನ್ನು ನಾವೇ ಓದುವಾಗ ಬರೆದಿರುವುದರ ಬದಲು ಬರೆಯಬೇಕೆಂದಿದ್ದನ್ನು ಓದುತ್ತೇವೆ. ತಿರುಗಿ ತಿರುಗಿ ನೋಡುವುದರಿಂದ ಕೆಲಸ ಶುದ್ಧವಾಗುತ್ತದೆ ಎಂಬ ನಂಬಿಕೆ ಇಲ್ಲಿಯೇ ಸಡಿಲವಾಗಬೇಕು.

ನಾಲ್ಕನೇ ಹೆಜ್ಜೆ: ಕೈ ಹಾಕಲು ಆಗದಿದ್ದಾಗ

ಗೀಳಿಗೆ ಇನ್ನೊಂದು ಮುಖವಿದೆ, ಅದನ್ನು ಮನೆಯವರು ಸೋಮಾರಿತನ ಎಂದು ಕರೆಯುತ್ತಾರೆ. ಸರಿಯಾಗಿ ಮಾಡಲಾಗದಿದ್ದರೆ ಎಂಬ ಹೆದರಿಕೆಯಿಂದ ಶುರುವನ್ನೇ ಮುಂದೂಡುವುದು. ಇದಕ್ಕೆ ನನಗೆ ಗೊತ್ತಿರುವ ಒಂದೇ ಉಪಾಯ, ಹತ್ತು ನಿಮಿಷ ಬೇಕಾಬಿಟ್ಟಿ ಕೆಲಸ. ಮೊಬೈಲಿನಲ್ಲಿ ಹತ್ತು ನಿಮಿಷಕ್ಕೆ ಅಲಾರಂ ಇಟ್ಟು, ಮನಸ್ಸಿಗೆ ಬಂದಂತೆ ಬರೆಯಿರಿ, ಜೋಡಿಸಿ, ಕತ್ತರಿಸಿ. ಅಲಾರಂ ಹೊಡೆದಾಗ ಬಿಟ್ಟು ಏಳುವ ಸ್ವಾತಂತ್ರ್ಯ ನಿಮಗಿದೆ. ಬಹಳ ಸಲ ಏಳುವುದಿಲ್ಲ.

ಬೆಳಗ್ಗೆ ಬಾಗಿಲ ಮುಂದೆ ರಂಗೋಲಿ ಹಾಕುವ ಅಮ್ಮನನ್ನು ನೆನೆಯಿರಿ. ನೀರು ಚಿಮುಕಿಸಿ, ಚುಕ್ಕಿಯಿಟ್ಟು, ಐದು ನಿಮಿಷದಲ್ಲಿ ಎಳೆ ಎಳೆದು ಒಳಗೆ ಹೋಗುತ್ತಿದ್ದಳು. ಒಂದು ಎಳೆ ಸೊಟ್ಟಗಾದರೆ ಇಡೀ ರಂಗೋಲಿ ಅಳಿಸಿದ್ದನ್ನು ನಾನು ಕಾಣೆ. ನಾಳೆ ಬೆಳಗ್ಗೆ ಇನ್ನೊಂದು ಹಾಕುವುದಿದೆ ಎಂಬುದು ಅವಳಿಗೆ ಗೊತ್ತಿತ್ತು. ದಿನವೂ ಮಾಡುವ ಕೆಲಸದಲ್ಲಿ ಕೈ ತಾನಾಗಿ ಪಳಗುತ್ತದೆ. ವರ್ಷಕ್ಕೊಂದೇ ಸಲ ಅತ್ಯುತ್ತಮವಾಗಿ ಮಾಡುತ್ತೇನೆಂದು ಕಾಯುವ ಕೈ ಪಳಗುವುದಿಲ್ಲ.

ಐದನೇ ಹೆಜ್ಜೆ: ಬೇಕೆಂದೇ ಒಂದು ಕೊರೆ ಬಿಡಿ

‘ನಾಲ್ಕು ಜನ’ದ ಭಯವಿರುವವರಿಗೆ ಇದು ಕಷ್ಟದ ಹೆಜ್ಜೆ, ಆದರೆ ಇದನ್ನು ಬಿಟ್ಟರೆ ಉಳಿದವು ಅರ್ಧಂಬರ್ಧ. ವಾರಕ್ಕೊಮ್ಮೆ, ಯಾರಿಗೂ ಹಾನಿಯಾಗದ ಒಂದು ಸಣ್ಣ ಕುಂದನ್ನು ತಿಳಿದೂ ತಿಳಿದೂ ಹಾಗೇ ಬಿಡಬೇಕು. ಗೆಳತಿಗೆ ಕಳಿಸುವ ಸಂದೇಶವನ್ನು ಮರು ಓದದೆ ಕಳಿಸುವುದು. ರಾತ್ರಿ ಸಿಂಕಿನಲ್ಲಿ ಎರಡು ಲೋಟ ಉಳಿಸಿ ಮಲಗುವುದು. ಸಭೆಯಲ್ಲಿ ಪೂರ್ತಿ ಗೊತ್ತಿಲ್ಲದ ವಿಷಯದ ಬಗ್ಗೆ ಒಂದು ಪ್ರಶ್ನೆ ಕೇಳುವುದು. ಪಕ್ಕದ ಮನೆಯವರು ಬಂದಾಗ ಸೋಫಾದ ಮೇಲಿನ ಮಡಚದ ಬಟ್ಟೆಗಳನ್ನು ಓಡಿಹೋಗಿ ಎತ್ತದೆ ಕೂತಿರುವುದು.

ಮಾಡುವ ಮೊದಲು ಪುಸ್ತಕದಲ್ಲಿ ಬರೆಯಿರಿ: ಏನಾದೀತೆಂದು ನನ್ನ ಭಯ? ಮಾಡಿದ ಮರುದಿನ ಅದರ ಪಕ್ಕದಲ್ಲೇ ಬರೆಯಿರಿ: ನಿಜಕ್ಕೂ ಆದದ್ದೇನು? ಇದನ್ನು ತಲೆಯಲ್ಲೇ ಮಾಡಿದರೆ ಫಲವಿಲ್ಲ. ಭಯಕ್ಕೆ ಮರೆವು ಜಾಸ್ತಿ, ಹಿಂದಿನ ಹತ್ತು ಸಲ ಏನೂ ಆಗಲಿಲ್ಲ ಎಂಬುದನ್ನು ಅದು ನೆನಪಿಟ್ಟುಕೊಳ್ಳುವುದಿಲ್ಲ. ಪುಸ್ತಕ ನೆನಪಿಟ್ಟುಕೊಳ್ಳುತ್ತದೆ.

ಥಾಮಸ್ ಗಿಲೊವಿಚ್ ಮತ್ತು ಅವರ ಸಂಗಡಿಗರು ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ನಡೆಸಿ 2000ದಲ್ಲಿ ಪ್ರಕಟಿಸಿದ ಪ್ರಯೋಗವೊಂದು ಈ ಹೆಜ್ಜೆಗೆ ಧೈರ್ಯ ಕೊಡುತ್ತದೆ. ಹಾಕಿಕೊಳ್ಳಲು ಮುಜುಗರವಾಗುವಂಥ, ಗಾಯಕನೊಬ್ಬನ ಚಿತ್ರವಿದ್ದ ಟೀ ಶರ್ಟನ್ನು ವಿದ್ಯಾರ್ಥಿಗಳಿಗೆ ತೊಡಿಸಿ, ಬೇರೆ ವಿದ್ಯಾರ್ಥಿಗಳು ಕೂತಿದ್ದ ಕೋಣೆಗೆ ಕಳಿಸಿದರು. ಹೊರಬಂದ ಮೇಲೆ, ಅಲ್ಲಿದ್ದವರಲ್ಲಿ ಎಷ್ಟು ಜನ ಆ ಚಿತ್ರವನ್ನು ಗಮನಿಸಿರಬಹುದು ಎಂದು ಕೇಳಿದರು. ಹೆಚ್ಚುಕಡಿಮೆ ಅರ್ಧದಷ್ಟು ಜನ ಎಂದು ತೊಟ್ಟವರು ಅಂದಾಜಿಸಿದರು. ನಿಜವಾಗಿ ಗಮನಿಸಿದ್ದವರು ಸುಮಾರು ಕಾಲುಭಾಗ. ನಾಲ್ಕು ಜನ ಏನಂದಾರು ಎಂದು ನಾವು ಹೆದರುವಾಗ ಆ ನಾಲ್ವರಲ್ಲಿ ಮೂವರು ನಮ್ಮ ಕಡೆ ನೋಡಿರುವುದೇ ಇಲ್ಲ.

ಆರನೇ ಹೆಜ್ಜೆ: ‘ಏಕೆ’ಯನ್ನು ‘ಮುಂದೇನು’ ಮಾಡಿ

ಇಲ್ಲಿಂದ ಯೋಚನೆಯ ಕಡೆಗೆ. ಕೆಲಸ ಮುಗಿದ ಮೇಲೂ ತಲೆಯಲ್ಲಿ ಮುಗಿಯದಿರುವುದು.

ನಮ್ಮ ಭಾಷೆಯಲ್ಲಿ ಮೆಲುಕು ಹಾಕುವುದು ಸವಿಯಾದ ಮಾತು, ಹಳೆಯ ಸಂತೋಷಗಳನ್ನು ಮೆಲುಕು ಹಾಕುತ್ತೇವೆ. ಹಸು ಮೆಲುಕು ಹಾಕುವುದು ತಿಂದದ್ದು ಅರಗಲೆಂದು. ಅತಿಯೋಚನೆ ಮೆಲುಕಲ್ಲ, ಅದು ಎಳ್ಳು ಹಾಕದ ಗಾಣ. ಎತ್ತು ದಿನವಿಡೀ ಸುತ್ತುತ್ತದೆ, ಒಂದು ಹನಿ ಎಣ್ಣೆ ಬರುವುದಿಲ್ಲ.

ಅಮೆರಿಕದ ಸೂಸನ್ ನೋಲೆನ್ ಹೋಕ್ಸೆಮಾ ಇದನ್ನೇ ಜೀವನವಿಡೀ ಅಧ್ಯಯನ ಮಾಡಿದವರು. 1989ರ ಅಕ್ಟೋಬರಿನಲ್ಲಿ ಅವರು 137 ವಿದ್ಯಾರ್ಥಿಗಳಿಗೆ ಪ್ರಶ್ನಾವಳಿ ಕೊಟ್ಟಿದ್ದರು: ಮನಸ್ಸಿಗೆ ಬೇಜಾರಾದಾಗ ನೀವೇನು ಮಾಡುತ್ತೀರಿ? ಬೇರೆ ಕೆಲಸಕ್ಕೆ ತೊಡಗುತ್ತೀರೋ, ಬೇಜಾರೇಕೆ ಎಂದು ಯೋಚಿಸುತ್ತಾ ಕೂರುತ್ತೀರೋ? ಅದಾಗಿ 14 ದಿನಕ್ಕೆ, ಅಕ್ಟೋಬರ್ 17ರಂದು ಸ್ಯಾನ್ ಫ್ರಾನ್ಸಿಸ್ಕೋ ಸುತ್ತಮುತ್ತ ದೊಡ್ಡ ಭೂಕಂಪವಾಯಿತು. ಭೂಕಂಪದ 10 ದಿನದ ಮೇಲೆ ಒಮ್ಮೆ, 7 ವಾರದ ಮೇಲೆ ಇನ್ನೊಮ್ಮೆ ಅದೇ ವಿದ್ಯಾರ್ಥಿಗಳನ್ನು ವಿಚಾರಿಸಿದರು. ಮೊದಲಿಂದಲೂ ಯೋಚಿಸುತ್ತಾ ಕೂರುವ ಅಭ್ಯಾಸವಿದ್ದವರಲ್ಲಿ ಖಿನ್ನತೆಯ ಲಕ್ಷಣಗಳು ಹೆಚ್ಚಿದ್ದವು. ಒಂದೇ ನೆಲ ಎಲ್ಲರ ಕಾಲಡಿಯಲ್ಲೂ ನಡುಗಿತ್ತು.

ಮಾಡಬೇಕಾದದ್ದು ಇಷ್ಟು. ತಲೆಯಲ್ಲಿ ಸುತ್ತುತ್ತಿರುವ ವಾಕ್ಯವನ್ನು ಹಾಗೇ ಕಾಗದಕ್ಕೆ ಇಳಿಸಿ. ಅದು ‘ಏಕೆ’ ಎಂದು ಶುರುವಾಗಿದ್ದರೆ ಅದನ್ನು ‘ಮುಂದೇನು’ ಎಂದು ತಿರುಗಿಸಿ ಬರೆಯಿರಿ. ‘ಅತ್ತಿಗೆ ಎದುರು ಹಾಗೇಕೆ ಮಾತಾಡಿದೆ?’ ಎಂಬುದು ‘ಭಾನುವಾರ ಅತ್ತಿಗೆ ಸಿಕ್ಕಾಗ ಯಾವ ಒಂದು ಮಾತು ಹೇಳಲಿ?’ ಎಂದಾಗುತ್ತದೆ. ಮೊದಲನೆಯದಕ್ಕೆ ನೂರು ಉತ್ತರ, ಒಂದೂ ಕೈಗೆ ಸಿಗದು. ಎರಡನೆಯದಕ್ಕೆ ಒಂದು ಸಾಲಿನ ಉತ್ತರವಿದೆ. ‘ಮುಂದೇನು’ ಎಂಬುದಕ್ಕೆ ಉತ್ತರವೇ ಇಲ್ಲದಿದ್ದರೆ ಆ ಯೋಚನೆ ಈಗಿನ ಕೆಲಸವಲ್ಲ. ಎದ್ದು ಬೇರೆಯದಕ್ಕೆ ತೊಡಗಿ. ಕೈಗೆ ರೂಢಿಯಾದ ಕೆಲಸ ಬೇಡ, ಪಾತ್ರೆ ತೊಳೆಯುವಾಗ ನನ್ನ ಯೋಚನೆ ಇನ್ನೂ ಜೋರಾಗುತ್ತದೆ. ಗಮನ ಕೇಳುವಂಥದ್ದು ಬೇಕು: ಮಕ್ಕಳ ಜೊತೆ ಚೌಕಾಬಾರ, ಷಟಲ್, ಹೊಸ ಅಡುಗೆ, ಯಾರಿಗಾದರೂ ಲೆಕ್ಕ ಹೇಳಿಕೊಡುವುದು.

ಏಳನೇ ಹೆಜ್ಜೆ: ಚಿಂತೆಗೊಂದು ಹೊತ್ತು, ರಾತ್ರಿಗೊಂದು ಪಟ್ಟಿ

ಚಿಂತೆ ಮಾಡಬೇಡ ಎನ್ನುವವರು ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ. ಆದರೆ ಅದು ಕೆಲಸ ಮಾಡುವುದಿಲ್ಲ. ಡ್ಯಾನಿಯಲ್ ವೆಗ್ನರ್ 1987ರ ಪ್ರಯೋಗವೊಂದರಲ್ಲಿ, ಬಿಳಿ ಕರಡಿಯನ್ನು ಮಾತ್ರ ನೆನೆಯಬೇಡಿ ಎಂದು ಜನರಿಗೆ ಹೇಳಿ, ನೆನಪಾದಾಗಲೆಲ್ಲ ಗಂಟೆ ಬಾರಿಸಲು ತಿಳಿಸಿದರು. ಗಂಟೆ ಬಾರಿಸುತ್ತಲೇ ಇತ್ತು. ಒತ್ತಿ ಹಿಡಿದ ಯೋಚನೆ ಕೈ ಬಿಟ್ಟಾಗ ಮೊದಲಿಗಿಂತ ಹೆಚ್ಚಾಗಿ ಬಂತು.

ಆದ್ದರಿಂದ ಬೇಡ ಎನ್ನುವ ಬದಲು ‘ಆಮೇಲೆ’ ಎನ್ನಿ. ಥಾಮಸ್ ಬೊರ್ಕೊವೆಕ್ ಮತ್ತು ಸಂಗಡಿಗರು 1983ರಲ್ಲಿ ಪರೀಕ್ಷಿಸಿದ ವಿಧಾನವಿದು. ದಿನವೂ ಒಂದೇ ಹೊತ್ತು, ಒಂದೇ ಜಾಗ, ಅರ್ಧ ಗಂಟೆ ಚಿಂತೆಗೆ ಮೀಸಲು. ಉಳಿದ ಹೊತ್ತಿನಲ್ಲಿ ಚಿಂತೆ ಬಂದರೆ ಎರಡು ಪದ ಗೀಚಿಟ್ಟು, ಆ ಹೊತ್ತಿಗೆ ಮುಂದೂಡುವುದು. ನನ್ನ ಹೊತ್ತು ಸಂಜೆ ಆರರಿಂದ ಆರೂವರೆ, ಜಾಗ ಹಿತ್ತಲಿನ ಮೆಟ್ಟಿಲು. ಮಲಗುವ ಕೋಣೆಯಲ್ಲಿ ಮಾತ್ರ ಬೇಡ, ಹಾಸಿಗೆ ಕಂಡರೆ ಚಿಂತೆ ಎಂಬ ಅಭ್ಯಾಸ ಬಿದ್ದರೆ ಬಿಡಿಸುವುದು ಕಷ್ಟ. ಮೊದಲ ವಾರ ಚಿಂತೆ ಕೇಳುವುದಿಲ್ಲ, ಹೊತ್ತಲ್ಲದ ಹೊತ್ತಿನಲ್ಲಿ ಬರುತ್ತಲೇ ಇರುತ್ತದೆ. ಬಂದಷ್ಟು ಸಲ ‘ಆರು ಗಂಟೆಗೆ’ ಎನ್ನಿ. ಎರಡನೇ ವಾರದಿಂದ, ಆರು ಗಂಟೆಗೆ ಚೀಟಿ ತೆರೆದು ನೋಡಿದಾಗ ಬೆಳಗಿನ ಚಿಂತೆಗಳಲ್ಲಿ ಕೆಲವು ನನಗೆ ಅರ್ಥವೇ ಆಗುತ್ತಿರಲಿಲ್ಲ.

ಮಲಗುವ ಮೊದಲು ಐದು ನಿಮಿಷ ನಾಳೆ ಮಾಡಬೇಕಾದ ಕೆಲಸಗಳ ಪಟ್ಟಿ ಬರೆಯಿರಿ. ಅಮೆರಿಕದ ಬೇಲರ್ ವಿಶ್ವವಿದ್ಯಾಲಯದಲ್ಲಿ 57 ಜನರ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹೀಗೆ ನಾಳೆಯ ಪಟ್ಟಿ ಬರೆದವರು, ಮುಗಿಸಿದ ಕೆಲಸಗಳನ್ನು ಬರೆದವರಿಗಿಂತ ಸುಮಾರು 9 ನಿಮಿಷ ಬೇಗ ನಿದ್ದೆಹೋದರು. ಪಟ್ಟಿ ಎಷ್ಟು ವಿವರವಾಗಿದ್ದರೆ ಅಷ್ಟು ಬೇಗ. ಕಾಗದಕ್ಕೆ ಇಳಿದದ್ದನ್ನು ತಲೆ ಕಾಯಬೇಕಾಗಿಲ್ಲ.

ಮನೆಯಲ್ಲಿ ಮಕ್ಕಳಿದ್ದರೆ

ನಾವು ಅಂಕಪಟ್ಟಿ ನೋಡುವ ಬಗೆಯಿಂದಲೇ ಮಕ್ಕಳು ಈ ಗೀಳನ್ನು ಕಲಿಯುತ್ತಾರೆ. ಮಗಳು ಒಂದು ದಿನ “ಅಮ್ಮಾ, ಈ ಪುಟದಲ್ಲಿ ಒಂದು ಕಾಟು ಬಿತ್ತು, ಇಡೀ ಪುಟ ಹರಿದು ಮತ್ತೆ ಬರೀಲಾ?” ಎಂದು ಕೇಳಿದಾಗ ನನಗೆ ನನ್ನದೇ ಧ್ವನಿ ಕೇಳಿಸಿತು. “ಬೇಡ ಕಂದಾ, ಒಂದು ಗೆರೆ ಹೊಡೆದು ಪಕ್ಕದಲ್ಲಿ ಬರಿ” ಎಂದೆ. ಅವಳು ನಂಬಲಿಲ್ಲ. ನನ್ನ ಪಾಠದ ಟಿಪ್ಪಣಿಯ ಪುಸ್ತಕ ತಂದು, ಅದರಲ್ಲಿದ್ದ ಕಾಟುಗಳನ್ನು ತೋರಿಸಬೇಕಾಯಿತು. ಮಕ್ಕಳಿಗೆ ನಮ್ಮ ತಪ್ಪುಗಳನ್ನು ತೋರಿಸಿ. ಅಂಕ ಬಂದಾಗ ಹೋದ ಅಂಕದ ಮಾತನ್ನು ಅವತ್ತು ಎತ್ತಬೇಡಿ, ಯಾವ ಪಾಠ ಓದುವಾಗ ಖುಷಿಯಾಯಿತು ಎಂದು ಕೇಳಿ.

ಇಷ್ಟಕ್ಕೆ ತಗ್ಗದಿದ್ದರೆ

ಮೇಲಿನವು ದಿನನಿತ್ಯದ ಕಾಟಕ್ಕೆ. ಬೀಗ, ಗ್ಯಾಸು, ಕೈ ತೊಳೆಯುವುದು, ಎಣಿಸುವುದು, ಇಂಥವನ್ನು ತಡೆಯಲಾಗದೆ ಮತ್ತೆ ಮತ್ತೆ ಮಾಡುತ್ತಾ ದಿನಕ್ಕೆ ಒಂದು ಗಂಟೆಗೂ ಹೆಚ್ಚು ಹೋಗುತ್ತಿದ್ದರೆ ಅದು ಗೀಳು ಮನೋರೋಗವಿರಬಹುದು, ಅದಕ್ಕೆ ಚಿಕಿತ್ಸೆಯಿದೆ. ಎರಡು ವಾರಕ್ಕೂ ಮೀರಿ ನಿದ್ದೆ, ಹಸಿವು ಕೆಟ್ಟು ಯಾವುದರಲ್ಲೂ ಆಸಕ್ತಿ ಇಲ್ಲದಿದ್ದರೂ ವೈದ್ಯರನ್ನು ಕಾಣಿ. ಬದುಕೇ ಬೇಡ ಎನಿಸಿದರೆ ಅವತ್ತೇ, ಆ ಗಂಟೆಯಲ್ಲೇ ಯಾರಿಗಾದರೂ ಹೇಳಿ.

ಇದಕ್ಕೆಲ್ಲ ಬೆಂಗಳೂರಿಗೇ ಹೋಗಬೇಕೆಂದಿಲ್ಲ. 1980ರ ದಶಕದಲ್ಲಿ ನಿಮ್ಹಾನ್ಸ್ ಸಂಸ್ಥೆ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗದ ಮಾದರಿಯಲ್ಲೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು. ನಿಮ್ಮ ಜಿಲ್ಲಾ ಆಸ್ಪತ್ರೆಯ ಮನೋವೈದ್ಯ ವಿಭಾಗದಲ್ಲಿ ವಿಚಾರಿಸಿ. ಯೋಚನೆಯ ಜಾಡನ್ನೇ ತಿದ್ದುವ ಸಿಬಿಟಿ ಎಂಬ ಚಿಕಿತ್ಸೆಯ ಬಗ್ಗೆ ಕೇಳಿ, ಮೇಲೆ ಹೇಳಿದ ಐದನೇ ಹೆಜ್ಜೆಯಂಥವು ಆ ಬಳಗದವೇ. ಮನೆಯಿಂದಲೇ ಮಾತಾಡಬೇಕೆಂದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಇದೆ, ಸಂಖ್ಯೆ 14416. 2022ರ ಅಕ್ಟೋಬರ್ 10ರಂದು ಆರಂಭವಾದ ಇದು ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಕರೆ ಮಾಡುವ ಮೊದಲು ಏನು ಹೇಳಬೇಕು, ಎಲ್ಲಿಂದ ಶುರುಮಾಡಬೇಕು, ನನ್ನ ಕಷ್ಟ ಅವರಿಗೆ ಸಣ್ಣದೆನಿಸೀತೇ ಎಂದು ತಾಲೀಮು ಮಾಡುತ್ತಾ ಕೂರಬೇಡಿ. “ಯೋಚನೆ ನಿಲ್ತಾ ಇಲ್ಲ, ನಿದ್ದೆ ಬರ್ತಾ ಇಲ್ಲ” ಎಂದರೆ ಸಾಕು, ಮುಂದಿನದನ್ನು ಅವರೇ ಕೇಳುತ್ತಾರೆ.